ಸೋರುವ ಮನೆಗೆ ಸುಣ್ಣ: ಬಂಗಿಗೆ ಪೀಲ್ ಮಾಡಿಸುವ ಮುಂಚೆ

(ಮಂಡ್ಯದಲ್ಲಿ ಮಹಿಳೆಯರ ಗುಂಪೊಂದರ ಮುಂದೆ ಚರ್ಮದ ಡಾಕ್ಟರೊಬ್ಬರು ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದದ್ದು. ಬಂಗು ಅಂದರೆ ಮುಖದ ಮೇಲೆ ಕಟ್ಟುವ ಕಪ್ಪು ಛಾಯೆ, ಪೀಲ್ ಅಂದರೆ ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ಉದುರಿಸುವ ಚಿಕಿತ್ಸೆ.)

ಮಾತು ಶುರುವಾಗುವ ಮುಂಚೆಯೇ ಚೀಟಿಗಳು ಬಂದಿವೆ. ಮೇಲಿನ ಚೀಟಿಯಲ್ಲಿ ಒಂದೇ ಸಾಲು: "ಪೀಲ್ ಮಾಡಿಸಿದ್ರೆ ಬಂಗು ಪೂರ್ತಿ ಹೋಗುತ್ತಾ?"

ಹೋಗುವುದಿಲ್ಲ. ತಿಳಿಯಾಗುತ್ತದೆ, ಕೆಲವರಿಗೆ ಚೆನ್ನಾಗಿಯೇ ತಿಳಿಯಾಗುತ್ತದೆ, ಆದರೆ ಒಂದು ಸಲ ಕಿತ್ತು ಹಾಕಿದರೆ ಮತ್ತೆ ಬರದ ಹಾಗೆ ಹೋಗುವಂಥದ್ದಲ್ಲ ಇದು. ಇಷ್ಟು ಸಾಕು ಅನ್ನುವವರು ಈಗಲೇ ಎದ್ದು ಹೋಗಬಹುದು. ಕಾಫಿ ಮಾತ್ರ ಕೊನೆಯಲ್ಲಂತೆ.

ಯಾರೂ ಏಳಲಿಲ್ಲ. ಸರಿ.

ನನಗೂ ಬಂಗು ಇದೆ. ಎರಡನೇ ಬಸುರಿನ ಆರನೇ ತಿಂಗಳಲ್ಲಿ ಬಂತು, ಎರಡೂ ಕೆನ್ನೆಯ ಮೇಲೆ, ಮೇಲ್ದುಟಿಯ ಮೇಲೆ ಮೀಸೆ ಇಟ್ಟ ಹಾಗೆ ಒಂದು ಗೆರೆ. ಚರ್ಮದ ಡಾಕ್ಟರಿಗೇ ಬಂಗು ಬಂದರೆ ಪೇಷೆಂಟುಗಳು ಏನಂದುಕೊಳ್ಳುತ್ತಾರೆ ಅಂತ ಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಅದೇ ಅನುಕೂಲವಾಯಿತು. "ನಿಮಗೇ ಹೋಗಿಲ್ವಲ್ಲ ಡಾಕ್ಟ್ರೇ" ಅಂತ ಅವರೇ ಹೇಳಿಬಿಡುತ್ತಾರೆ, ನಾನು ವಿವರಿಸುವ ಕೆಲಸ ಅರ್ಧ ಮುಗಿಯುತ್ತದೆ.

ಬಂಗು ಅಂದರೆ ಏನು? ಮುಖದ ಚರ್ಮದ ಮೇಲ್ಪದರ ಹೆಚ್ಚುಕಮ್ಮಿ ಒಂದು ಕಾಗದದಷ್ಟು ದಪ್ಪ. ಅದರ ತಳದಲ್ಲಿ ಮೆಲನೋಸೈಟ್ ಅನ್ನುವ ಜೀವಕೋಶಗಳು ಕೂತಿರುತ್ತವೆ. ಬಣ್ಣ ಮಾಡುವುದೇ ಅವುಗಳ ಕಸುಬು. ಮೆಲನಿನ್ ಮಾಡಿ, ಸಣ್ಣ ಸಣ್ಣ ಪೊಟ್ಟಣ ಕಟ್ಟಿ, ಅಕ್ಕಪಕ್ಕದ ಕೋಶಗಳಿಗೆ ಹಂಚುತ್ತವೆ. ಬಿಸಿಲು ಬಿದ್ದಾಗ ಜಾಸ್ತಿ ಮಾಡುತ್ತವೆ, ಒಳಗಿನ ಕೋಶಕ್ಕೆ ಕೊಡೆ ಹಿಡಿದ ಹಾಗೆ. ಬಂಗು ಇರುವ ಜಾಗದಲ್ಲಿ ಈ ಕೋಶಗಳ ಸಂಖ್ಯೆ ಅಷ್ಟೇನೂ ಏರಿರುವುದಿಲ್ಲ. ಇದ್ದವೇ ಓವರ್‌ಟೈಮ್ ಮಾಡುತ್ತಿರುತ್ತವೆ. ಅಲ್ಲಿ ಯಾರೋ ಸ್ವಿಚ್ ಆಫ್ ಮಾಡುವುದನ್ನು ಮರೆತಿದ್ದಾರೆ ಅಂದುಕೊಳ್ಳಿ.

ಸ್ವಿಚ್ ಒತ್ತಿದ್ದು ಯಾರು ಅಂದರೆ ಒಬ್ಬರಲ್ಲ. ಮನೆತನದಲ್ಲಿ ಬರುವುದು ಉಂಟು, ಅಮ್ಮನಿಗಿದ್ದರೆ ಮಗಳಿಗೆ ಬರುವ ಸಾಧ್ಯತೆ ಜಾಸ್ತಿ. ಬಸುರು, ಗರ್ಭ ತಡೆಯುವ ಮಾತ್ರೆ, ಹೀಗೆ ಹಾರ್ಮೋನಿನ ದಾರಿ ಒಂದು. ಎಲ್ಲಕ್ಕಿಂತ ದೊಡ್ಡದು ಬೆಳಕು. ಬರೀ ಸುಡುಬಿಸಿಲಲ್ಲ, ಬೆಳಕು. ಮೋಡ ಕವಿದಿದ್ದರೂ ಅಲ್ಟ್ರಾವಯಲೆಟ್ ಕೆಳಗಿಳಿಯುತ್ತದೆ, ಅದರಲ್ಲಿ ಎ ಅನ್ನುವ ಭಾಗ ಕಿಟಕಿಯ ಗಾಜನ್ನೂ ದಾಟುತ್ತದೆ. ಅದರ ಮೇಲೆ, ಕಣ್ಣಿಗೆ ಕಾಣುವ ಬೆಳಕಿನಲ್ಲಿ ನೀಲಿ ಕಡೆಯದ್ದೂ ನಮ್ಮಂಥ ಚರ್ಮದಲ್ಲಿ ಬಣ್ಣ ಏರಿಸುತ್ತದೆ. ಒಲೆಯ ಝಳವೂ ಸೇರಿಕೊಳ್ಳುತ್ತದೆ. ದಿನವಿಡೀ ದೋಸೆ ಕಾವಲಿಯ ಮುಂದೆ ನಿಲ್ಲುವ ಹೆಂಗಸರಲ್ಲಿ ಇದು ಎಷ್ಟು ಹಠ ಮಾಡುತ್ತದೆ ಅಂತ ನಾನು ನೋಡಿದ್ದೇನೆ. ಗಂಡಸರಿಗೂ ಬರುತ್ತದೆ, ಕಮ್ಮಿ ಅಷ್ಟೆ. ನನ್ನ ಹತ್ತಿರ ಬರುವ ಗಂಡಸರಲ್ಲಿ ಡ್ರೈವರುಗಳು, ಗದ್ದೆ ಕೆಲಸದವರು ಜಾಸ್ತಿ.

ಈಗ ಬಿಸಿಲಿನ ಕಲೆ. ಇದು ಬೇರೆ ಸಂಗತಿ, ಎರಡನ್ನೂ ಒಂದೇ ಡಬ್ಬಿಗೆ ಹಾಕಬೇಡಿ. ಬಂಗಿಗೆ ಅಂಚು ಅಂಕುಡೊಂಕು, ಭೂಪಟದ ಹಾಗೆ, ಎರಡೂ ಕೆನ್ನೆಗೆ ಜೋಡಿಯಾಗಿ ಬರುತ್ತದೆ. ಬಿಸಿಲಿನ ಕಲೆ ಬಿಡಿ ಬಿಡಿಯಾಗಿರುತ್ತದೆ, ಬೇಳೆ ಕಾಳಿನಷ್ಟೋ ನಾಲ್ಕಾಣೆ ನಾಣ್ಯದಷ್ಟೋ, ಅಂಚು ಖಡಕ್ಕಾಗಿ. ಮುಖ, ಮುಂಗೈ, ಅಂಗೈ ಹಿಂಭಾಗದಲ್ಲಿ ಐವತ್ತರ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಬೆಳ್ಳಗಿನ ಚರ್ಮದವರಲ್ಲಿ ಬಹಳ, ನಮ್ಮಲ್ಲಿ ಅಷ್ಟಿಲ್ಲ. ನಮ್ಮಲ್ಲಿ ಅದರ ಜೊತೆಗೆ ಬರುವುದು ಕಣ್ಣಿನ ಸುತ್ತ, ಕೆನ್ನೆಯ ಮೇಲೆ, ಕತ್ತಿನಲ್ಲಿ ಕರೀ ಸಾಸಿವೆ ಅಂಟಿಸಿದ ಹಾಗೆ ಉಬ್ಬಿದ ಚುಕ್ಕಿಗಳು. ಅವು ಕಲೆಯಲ್ಲ, ಸಣ್ಣ ಗಂಟು. ಆಸಿಡ್ ಹಚ್ಚಿ ಬಣ್ಣ ತಿಳಿ ಮಾಡುವ ಪೀಲ್‌ಗೆ ಅವು ಜಗ್ಗುವುದಿಲ್ಲ, ಮಿಷಿನ್‌ನಲ್ಲಿ ಸುಟ್ಟು ತೆಗೆಯಬೇಕು.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಮುಖ ಕಪ್ಪಾಗಿದ್ದೆಲ್ಲ ಬಂಗಲ್ಲ. ಹಣೆಯ ಅಂಚಿನಲ್ಲಿ, ಕೆನ್ನೆಯ ಪಕ್ಕದಲ್ಲಿ ವೆಲ್ವೆಟ್ ಬಟ್ಟೆ ಮುಟ್ಟಿದ ಹಾಗೆ ದಪ್ಪಗೆ ಕಪ್ಪಾಗಿದ್ದರೆ, ಕತ್ತಿನ ಹಿಂದೆಯೂ ಹಾಗೇ ಇದ್ದರೆ, ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಸೂಚನೆ. ಅವರಿಗೆ ಪೀಲ್ ಬರೆದರೆ ನಾನು ದುಡ್ಡು ಮಾಡಬಹುದು, ಅವರಿಗೆ ಬೇಕಾದ್ದು ಶುಗರ್ ಟೆಸ್ಟು, ವಾಕಿಂಗು. ಕೂದಲಿಗೆ ಡೈ ಹಚ್ಚುವವರಲ್ಲಿ ಹಣೆ, ಕಿವಿಯ ಮುಂದೆ ಬೂದುಗಪ್ಪು ಬರುತ್ತದೆ, ಅದು ಡೈ ಅಲರ್ಜಿ ಇರಬಹುದು. ಕುಂಕುಮದ ಜಾಗದಲ್ಲಿ ಬಂದರೆ ಕುಂಕುಮ. ಹಾಗಾಗಿ ಮೊದಲ ದಿನವೇ "ಬನ್ನಿ, ಮಲಗಿ, ಪೀಲ್ ಮಾಡ್ತೀನಿ" ಅನ್ನುವವರನ್ನು ಕಂಡರೆ ಸ್ವಲ್ಪ ಹಿಂದೆ ಸರಿಯಿರಿ.

ಇನ್ನೊಂದು ಮಾತು. ಬಂಗು ಎಷ್ಟು ಆಳದಲ್ಲಿದೆ ಅನ್ನುವುದು ಮುಖ್ಯ. ಬಣ್ಣ ಮೇಲ್ಪದರದಲ್ಲೇ ಇದ್ದರೆ ಕಂದು, ವುಡ್ಸ್ ಲ್ಯಾಂಪ್ ಅನ್ನುವ ನೇರಳೆ ಬೆಳಕಿನಲ್ಲಿ ಇನ್ನೂ ಎದ್ದು ಕಾಣುತ್ತದೆ. ಕೆಳಗಿನ ಪದರಕ್ಕೆ ಜಾರಿದ್ದರೆ ಬೂದು ಛಾಯೆ, ಲ್ಯಾಂಪಿಗೆ ಎದ್ದು ಕಾಣುವುದಿಲ್ಲ. ನಮ್ಮ ಜನರಲ್ಲಿ ಹೆಚ್ಚಾಗಿ ಎರಡೂ ಕಲಸಿಕೊಂಡಿರುತ್ತದೆ. ಪೀಲ್ ಕೈಗೆ ಸಿಗುವುದು ಮೇಲಿನದ್ದು ಮಾತ್ರ.

ಪೀಲ್ ಅಂದರೆ ಸಿಪ್ಪೆ ಸುಲಿಯುವುದು. ಆಸಿಡ್ ಹಚ್ಚಿ ಚರ್ಮದ ಮೇಲಿನ ಪದರವನ್ನು ಲೆಕ್ಕ ಹಾಕಿ ಉದುರಿಸುವುದು. ಹೊಸ ಚರ್ಮ ಬರುವಾಗ ಹಳೆಯ ಬಣ್ಣದ ಪೊಟ್ಟಣಗಳಲ್ಲಿ ಕೆಲವು ಉದುರಿ ಹೋಗುತ್ತವೆ, ಹಚ್ಚುವ ಕ್ರೀಮೂ ಚೆನ್ನಾಗಿ ಒಳಗಿಳಿಯುತ್ತದೆ. ಅಷ್ಟೇ ಇದರ ಗುಟ್ಟು. ಇದು ಹೊಸ ವಿದ್ಯೆಯೂ ಅಲ್ಲ. ಅಜ್ಜಿಯರು ಹುಳಿ ಮೊಸರು ಹಚ್ಚುತ್ತಿದ್ದರಲ್ಲ, ಅದರಲ್ಲಿರುವುದು ಲ್ಯಾಕ್ಟಿಕ್ ಆಸಿಡ್. ವಿಯೆನ್ನಾದ ಹೆಬ್ರಾ ಅನ್ನುವ ಡಾಕ್ಟರು 1874ರಷ್ಟು ಹಿಂದೆಯೇ ಫಿನಾಲ್‌ನಂಥ ಉಗ್ರ ವಸ್ತುಗಳನ್ನು ಮುಖದ ಕಲೆಗೆ ಬಳಸಿದ್ದರು. ಜರ್ಮನಿಯ ಉನ್ನಾ 1882ರಲ್ಲಿ ಸ್ಯಾಲಿಸಿಲಿಕ್ ಆಸಿಡ್, ಟಿಸಿಎ ಅಂದರೆ ಟ್ರೈಕ್ಲೋರೋಅಸೆಟಿಕ್ ಆಸಿಡ್, ಇವೆಲ್ಲ ಚರ್ಮದ ಮೇಲೆ ಏನು ಮಾಡುತ್ತವೆ ಅಂತ ಬರೆದಿಟ್ಟರು. ಇವತ್ತಿಗೂ ನಮ್ಮ ಕಪಾಟಿನಲ್ಲಿರುವ ಬಾಟಲಿಗಳಲ್ಲಿ ಅರ್ಧ ಅವೇ.

ಅಜ್ಜಿಯರ ಮಾತು ಬಂತು, ಹಾಗಾಗಿ ಒಂದು ಚೀಟಿ ಈಗಲೇ ತೆಗೆಯುತ್ತೇನೆ. "ಜಾಜಿಕಾಯಿ ಹಾಲಲ್ಲಿ ತೇದು ಹಚ್ಚಬಹುದಾ?" ಹಚ್ಚಿ, ಚರ್ಮ ಉರಿಯದಿದ್ದರೆ. ದೊಡ್ಡ ಗುಣ ನಿರೀಕ್ಷಿಸಬೇಡಿ, ಉಜ್ಜಬೇಡಿ. ಉಜ್ಜಿದಷ್ಟೂ ನಮ್ಮ ಚರ್ಮ ಕಪ್ಪಾಗುತ್ತದೆ. ನಿಂಬೆಹಣ್ಣು ಮಾತ್ರ ಬೇಡವೇ ಬೇಡ. ಅದರ ರಸ, ಸಿಪ್ಪೆಯ ಎಣ್ಣೆ ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ, ಆಮೇಲೆ ತಿಂಗಳುಗಟ್ಟಲೆ ಕಪ್ಪು ಉಳಿಯುತ್ತದೆ. ನಿಂಬೆ ಹಿಂಡಿದ ಹೋಳಿನಿಂದ ಮುಖ ತಿಕ್ಕಿಕೊಂಡು ಬಟ್ಟೆ ಒಣಹಾಕಲು ತಾರಸಿಗೆ ಹೋದ ಒಬ್ಬ ಹುಡುಗಿಯ ಕೆನ್ನೆಯಲ್ಲಿ ರಸ ಇಳಿದ ಗೆರೆ ಗೆರೆಯೇ ಮೂಡಿತ್ತು, ಗಲ್ಲದ ತನಕ.

ಈಗ ಬಾಟಲಿಗಳ ಕಡೆ ಬರೋಣ. ಮಂಡ್ಯದವರಿಗೆ ಹತ್ತಿರದ ನೆಂಟ ಗ್ಲೈಕಾಲಿಕ್ ಆಸಿಡ್. ಕಬ್ಬಿನ ಹಾಲಿನಲ್ಲಿ ಸ್ವಲ್ಪ ಇರುತ್ತದೆ. ಕ್ಲಿನಿಕ್ಕಿಗೆ ಬರುವುದು ಆಲೆಮನೆಯಿಂದಲ್ಲ, ಫ್ಯಾಕ್ಟರಿಯಿಂದ, ಅದು ಬೇರೆ ಮಾತು. ಈ ಜಾತಿಯ ಆಸಿಡ್‌ಗಳಲ್ಲೆಲ್ಲ ಇದರ ಅಣು ಅತಿ ಚಿಕ್ಕದು, ಹಾಗಾಗಿ ಬೇಗ ಒಳಗೆ ನುಗ್ಗುತ್ತದೆ. 20 ಪರ್ಸೆಂಟಿನಿಂದ 70ರ ತನಕ ಸಿಗುತ್ತದೆ. ಬಾಟಲಿಯ ಮೇಲಿನ ನಂಬರ್ ನೋಡಿ ಮೋಸ ಹೋಗಬೇಡಿ. ಅದರ ಪಿಎಚ್, ಅಂದರೆ ಹುಳಿಯ ತೀಕ್ಷ್ಣತೆ, ಎಷ್ಟು, ಎಷ್ಟು ಹೊತ್ತು ಮುಖದ ಮೇಲಿತ್ತು, ಚರ್ಮ ಮೊದಲೇ ಎಷ್ಟು ತೆಳುವಾಗಿತ್ತು, ಇವೆಲ್ಲ ಸೇರಿ ಅದರ ಪೆಟ್ಟು. ಇದಕ್ಕೆ ತಾನೇ ನಿಲ್ಲುವ ಗುಣವಿಲ್ಲ. ನಾವು ಸೋಡಾ ನೀರು, ಅಂದರೆ ಅಡುಗೆ ಸೋಡಾ ಕರಗಿಸಿದ ನೀರು, ಹಾಕಿ ನಿಲ್ಲಿಸಬೇಕು. ಮರೆತರೆ ಕೆಲಸ ಮಾಡುತ್ತಲೇ ಇರುತ್ತದೆ.

ಸ್ಯಾಲಿಸಿಲಿಕ್ ಹಾಗಲ್ಲ. 20ರಿಂದ 30 ಪರ್ಸೆಂಟ್, ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಹಚ್ಚಿದ ಎರಡು ಮೂರು ನಿಮಿಷಕ್ಕೆ ಸ್ಪಿರಿಟ್ ಹಾರಿಹೋಗಿ ಮುಖದ ಮೇಲೆ ಬಿಳಿ ಪುಡಿ ಉಳಿಯುತ್ತದೆ, ವಿಭೂತಿ ಬಳಿದ ಹಾಗೆ. ಆಮೇಲೆ ಅದು ಮುಂದೆ ಹೋಗುವುದಿಲ್ಲ. ಎಣ್ಣೆ ಚರ್ಮದವರಿಗೆ, ಮೊಡವೆ ಜೊತೆಗೆ ಇರುವವರಿಗೆ ಒಳ್ಳೆಯದು. ಆಸ್ಪಿರಿನ್ ಅಲರ್ಜಿ ಇರುವವರಿಗೆ, ಬಸುರಿಯರಿಗೆ ಬೇಡ. ಮ್ಯಾಂಡೆಲಿಕ್ ಅಂತ ಒಂದಿದೆ, ಕಹಿ ಬಾದಾಮಿಯ ಮೂಲದ್ದು, ಅಣು ದೊಡ್ಡದು, ನಿಧಾನ. ಸೂಕ್ಷ್ಮ ಚರ್ಮದವರಿಗೆ ನಾನು ಅದರಲ್ಲೇ ಶುರು ಮಾಡುತ್ತೇನೆ. ಫಿನಾಲ್ ಪೀಲ್ ಬಗ್ಗೆ ಇಂಟರ್‌ನೆಟ್‌ನಲ್ಲಿ ನೋಡಿರುತ್ತೀರಿ, ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲ ವಸ್ತು ಅದು, ಹಚ್ಚುವಾಗ ಮಾನಿಟರ್ ಇಟ್ಟಿರಬೇಕು. ಮೇಲಾಗಿ ಚರ್ಮವನ್ನು ಶಾಶ್ವತವಾಗಿ ಬಿಳಿ ಮಾಡಿಬಿಡಬಹುದು. ನಮಗೆ ಅಲ್ಲವೇ ಅಲ್ಲ.

ನಮಗೆ ಅಂದೆ. ಅದೇ ಇವತ್ತಿನ ಮಾತಿನ ತಿರುಳು. 1975ರಲ್ಲಿ ಹಾರ್ವರ್ಡ್‌ನ ಫಿಟ್ಸ್‌ಪ್ಯಾಟ್ರಿಕ್ ಅನ್ನುವವರು ಚರ್ಮವನ್ನು ಬಿಸಿಲಿಗೆ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದರ ಮೇಲೆ ವಿಂಗಡಿಸಿದರು. ಮೊದಲು ಬಿಳಿಯರನ್ನು ಮಾತ್ರ ನೋಡಿ ನಾಲ್ಕು ಗುಂಪು ಮಾಡಿದ್ದು, ಕಂದು ಚರ್ಮದವರೂ ಕಪ್ಪು ಚರ್ಮದವರೂ ಜಗತ್ತಿನಲ್ಲಿದ್ದಾರೆ ಅಂತ ಐದು, ಆರು ಆಮೇಲೆ ಸೇರಿದವು. ನಾವು ಬಹುತೇಕ ನಾಲ್ಕು, ಐದು. ನಮ್ಮ ಚರ್ಮಕ್ಕೆ ಬಿಸಿಲು ತಡೆಯುವ ಶಕ್ತಿ ಜಾಸ್ತಿ, ಆದರೆ ಒಂದು ಕೆಟ್ಟ ಅಭ್ಯಾಸ ಇದೆ. ಏಟು ಬಿದ್ದರೆ ಕಪ್ಪಾಗುತ್ತದೆ. ಸೊಳ್ಳೆ ಕಚ್ಚಿದ ಜಾಗ, ಕುಕ್ಕರ್ ತಾಗಿದ ಜಾಗ, ಮೊಡವೆ ಚಿವುಟಿದ ಜಾಗ, ಎಲ್ಲ ಕಪ್ಪು ಗುರುತಾಗಿ ಉಳಿಯುತ್ತದಲ್ವಾ? ಆಸಿಡ್ ಸುಟ್ಟರೂ ಹಾಗೇ. ಕಪ್ಪು ತೆಗೆಯಲು ಹೋಗಿ ಇನ್ನೊಂದು ಕಪ್ಪು ಕಟ್ಟಿಕೊಂಡು ಬರುವುದು ಬೆಳ್ಳಗಿನ ಚರ್ಮದವರಿಗಿಂತ ನಮಗೆ ಬಹಳ ಸುಲಭ. ಯುರೋಪಿನ ಹೆಂಗಸಿಗೆ ಒಂದೇ ಸಲ ಜೋರಾಗಿ ಮಾಡುವ ಪೀಲನ್ನು ನಮಗೆ ಆರು ಕಂತಿನಲ್ಲಿ, ಮೆಲ್ಲಗೆ ಮಾಡಬೇಕು.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಕಲಿತದ್ದು ಬೇರೆ ಥರ. ಪ್ರಾಕ್ಟೀಸ್ ಶುರು ಮಾಡಿದ ಹೊಸತು. ಒಬ್ಬ ಟೀಚರ್ ಮೂರನೇ ಸಿಟ್ಟಿಂಗ್‌ಗೆ ಬಂದಿದ್ದರು, ಮೊದಲ ಎರಡು ಚೆನ್ನಾಗಿಯೇ ಆಗಿದ್ದವು, ಹಾಗಾಗಿ ನಾನು ಏನೂ ಕೇಳದೆ 35 ಪರ್ಸೆಂಟ್ ಗ್ಲೈಕಾಲಿಕ್ ಹಚ್ಚಿದೆ. ಒಂದು ನಿಮಿಷವೂ ಆಗಿರಲಿಲ್ಲ, ಮೇಲ್ದುಟಿಯ ಮೇಲೆ ಒಂದು ಕಡೆ ಬೂದುಬಿಳುಪು ಮೂಡಿತು. ತಕ್ಷಣ ಸೋಡಾ ನೀರು ಹಾಕಿದೆ. "ಎರಡು ದಿನದ ಕೆಳಗೆ ಏನಾದ್ರೂ ಮಾಡ್ಸಿದ್ರಾ?" ಅಂದೆ. "ಹೂಂ ಡಾಕ್ಟ್ರೇ, ಅಪ್ಪರ್ ಲಿಪ್ ಥ್ರೆಡ್ಡಿಂಗ್." ದಾರ ಎಳೆದು ಕೂದಲು ಕಿತ್ತ ಜಾಗದಲ್ಲಿ ಚರ್ಮಕ್ಕೆ ಕಾಣದ ಗಾಯ ಆಗಿರುತ್ತದೆ, ಆಸಿಡ್ ಅಲ್ಲಿ ದುಪ್ಪಟ್ಟು ಇಳಿಯುತ್ತದೆ. ಮಾರನೇ ದಿನ ಹಕ್ಕಳೆ ಕಟ್ಟಿತು, ಹಕ್ಕಳೆ ಬಿದ್ದ ಮೇಲೆ ಕಪ್ಪು ಉಳಿಯಿತು. ಐದು ತಿಂಗಳು. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ನನ್ನ ಕ್ಲಿನಿಕ್ಕಿನಲ್ಲಿ ಬ್ರಷ್ ಮುಟ್ಟುವ ಮುಂಚೆ ಮೊದಲ ಪ್ರಶ್ನೆ ಅದೇ: ಈ ವಾರ ಥ್ರೆಡ್ಡಿಂಗ್, ವ್ಯಾಕ್ಸ್, ಬ್ಲೀಚ್, ಫೇಶಿಯಲ್ ಏನಾದರೂ?

ಹಾಗಿದ್ದರೆ ಸರಿಯಾದ ಪೀಲ್ ಹೇಗಿರುತ್ತದೆ? ಅದು ಸಿಟ್ಟಿಂಗ್ ದಿನ ಶುರುವಾಗುವುದಿಲ್ಲ, ಎರಡರಿಂದ ನಾಲ್ಕು ವಾರ ಮುಂಚೆ ಶುರುವಾಗುತ್ತದೆ. ಅಡುಗೆಗೆ ಬೇಳೆ ನೆನೆಹಾಕುವ ಹಾಗೆ ಚರ್ಮವನ್ನು ತಯಾರು ಮಾಡಬೇಕು. ದಿನಾ ಸನ್‌ಸ್ಕ್ರೀನ್, ರಾತ್ರಿ ಡಾಕ್ಟರು ಕೊಟ್ಟ ಬಣ್ಣ ತಿಳಿ ಮಾಡುವ ಕ್ರೀಮು. ಹೈಡ್ರೋಕ್ವಿನೋನ್ ಇರಬಹುದು, ಟ್ರೆಟಿನಾಯಿನ್ ಇರಬಹುದು. ಟ್ರೆಟಿನಾಯಿನ್ ಹಚ್ಚುವವರು ಪೀಲ್‌ಗೆ ಕೆಲವು ದಿನ ಮುಂಚೆ ನಿಲ್ಲಿಸಬೇಕು, ಇಲ್ಲದಿದ್ದರೆ ತೆಳುವಾದ ಚರ್ಮದಲ್ಲಿ ಆಸಿಡ್ ಆಳಕ್ಕಿಳಿಯುತ್ತದೆ. ಈ ತಯಾರಿ ಓವರ್‌ಟೈಮ್ ಮಾಡುತ್ತಿರುವ ಆ ಕೋಶಗಳನ್ನು ಸ್ವಲ್ಪ ತಣ್ಣಗೆ ಮಾಡಿರುತ್ತದೆ, ಪೀಲ್ ಬಿದ್ದಾಗ ಅವು ಗಾಬರಿಬಿದ್ದು ಬಣ್ಣ ಸುರಿಯುವುದಿಲ್ಲ. ತಯಾರಿ ಮಾಡಿಸದೆ ಬಂದವರಿಗೆ ಪೀಲ್ ಮಾಡುವುದಿಲ್ಲ ಅಂದರೆ ಕೆಲವರು ಸಿಟ್ಟಾಗಿ ಹೋಗುತ್ತಾರೆ. ಹೋಗಲಿ.

ಬಾಯಿ ಸುತ್ತ ಹುಣ್ಣು, ಹರ್ಪಿಸ್ ಪದೇ ಪದೇ ಬರುವವರಿದ್ದರೆ ಮೊದಲೇ ಹೇಳಿ. ಪೀಲ್ ಅದನ್ನು ಕೆಣಕುತ್ತದೆ, ಮುಂಚೆಯೇ ಮಾತ್ರೆ ಶುರು ಮಾಡಬೇಕಾಗುತ್ತದೆ.

ಸಿಟ್ಟಿಂಗ್ ದಿನ. ಕೂದಲು ಹಿಂದಕ್ಕೆ ಕಟ್ಟಿ ಬ್ಯಾಂಡ್ ಹಾಕುತ್ತೇವೆ. ಮುಖ ತೊಳೆದು, ಹತ್ತಿಯಲ್ಲಿ ಎಣ್ಣೆ ಅಂಶ ಒರೆಸುತ್ತೇವೆ, ಇದನ್ನು ಅವಸರ ಮಾಡಿದರೆ ಆಸಿಡ್ ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಇಳಿಯುತ್ತದೆ. ಕಣ್ಣಿನ ಕೊನೆ, ಮೂಗಿನ ಪಕ್ಕದ ಸಂದು, ತುಟಿಯ ಮೂಲೆಗೆ ವ್ಯಾಸ್‌ಲೀನ್. ಅಲ್ಲೇ ಆಸಿಡ್ ಕೂತುಬಿಡುವುದು. ಕಣ್ಣು ಮುಚ್ಚಿಸಿ ಹತ್ತಿ ಇಡುತ್ತೇವೆ. ಆಸಿಡ್ ಸಣ್ಣ ಬಟ್ಟಲಿಗೆ ಸುರಿದುಕೊಳ್ಳುತ್ತೇವೆ, ಬಾಟಲಿಯನ್ನು ಯಾವತ್ತೂ ಪೇಷೆಂಟ್ ಮುಖದ ಮೇಲಿಂದ ದಾಟಿಸುವುದಿಲ್ಲ, ನಮ್ಮ ಗುರುಗಳು ಕಿವಿ ಹಿಂಡಿ ಕಲಿಸಿದ್ದು ಅದು. ಮೊದಲು ಹಣೆ, ಆಮೇಲೆ ಕೆನ್ನೆ, ಗಲ್ಲ, ಕೊನೆಗೆ ಮೂಗು, ಮೇಲ್ದುಟಿ. ಬ್ರಷ್ ಇಟ್ಟ ಕ್ಷಣದಿಂದ ಟೈಮರ್ ಓಡುತ್ತದೆ. ಮೂವತ್ತು ಸೆಕೆಂಡಿಗೆ ಕಚಗುಳಿ, ಆಮೇಲೆ ಕೆಂಪಿರುವೆ ಹತ್ತಿದ ಹಾಗೆ ಚುರುಚುರು. ಫ್ಯಾನ್ ಹಿಡಿಯುತ್ತೇವೆ. ನಾನು ಗಡಿಯಾರಕ್ಕಿಂತ ಜಾಸ್ತಿ ಚರ್ಮ ನೋಡುತ್ತಿರುತ್ತೇನೆ. ಸಮನಾಗಿ ತಿಳಿಗೆಂಪು ಬಂದರೆ ಸಾಕು, ನಿಲ್ಲಿಸು. ಎಲ್ಲಾದರೂ ಬಿಳುಪು ಕಂಡರೆ, ಟೈಮರ್ ಏನೇ ಹೇಳಲಿ, ಆ ಜಾಗಕ್ಕೆ ಮೊದಲು ಸೋಡಾ. ಸೋಡಾ ತಾಗಿದಾಗ ಬುಸ್ಸಂತ ನೊರೆ ಬರುತ್ತದೆ, ಉರಿ ಒಂದು ಕ್ಷಣ ಏರಿ ಇಳಿಯುತ್ತದೆ. ಮೊದಲ ಸಲ ಒಂದು ನಿಮಿಷ, ಮುಂದಿನ ಸಲಗಳಲ್ಲಿ ಮೆಲ್ಲಗೆ ಮೂರರ ತನಕ. ಅಷ್ಟೇ. ಮಲಗಿದ್ದು ಎದ್ದಿದ್ದು ಎಲ್ಲ ಸೇರಿ ಅರ್ಧ ಗಂಟೆ.

ಮನೆಗೆ ಹೋದ ಮೇಲೆ ಎರಡು ಮೂರು ದಿನ ಮುಖ ಬಿಗಿಯುತ್ತದೆ, ಆಮೇಲೆ ಸಣ್ಣಗೆ ಹೊಟ್ಟು ಏಳುತ್ತದೆ. ಕೆಲವರಿಗೆ ಏನೂ ಏಳುವುದಿಲ್ಲ, "ನಂಗೆ ಪೀಲೇ ಆಗ್ಲಿಲ್ಲ, ದುಡ್ಡು ವೇಸ್ಟು" ಅಂತ ಫೋನ್ ಮಾಡುತ್ತಾರೆ. ಹೊಟ್ಟು ಏಳದಿದ್ದರೂ ಕೆಲಸ ಆಗಿರುತ್ತದೆ. ಎದ್ದರೆ ಕೀಳಬೇಡಿ. ಕಿತ್ತ ಜಾಗ ಕಪ್ಪಾಗುತ್ತದೆ, ಈಗ ಯಾಕೆ ಅಂತ ಗೊತ್ತಲ್ಲ. ಒಂದು ವಾರ ಬರೀ ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಒಗ್ಗರಣೆ ಹಾಕುವಾಗ ಬಾಣಲೆ ಮೇಲೆ ಬಗ್ಗಬೇಡಿ. ರಾತ್ರಿಯ ಕ್ರೀಮು ಡಾಕ್ಟರು ಹೇಳಿದ ಮೇಲೆ.

ಫಲ ಎಷ್ಟು ಅಂತ ಕೇಳಿದರೆ: 2002ರಲ್ಲಿ ಪ್ರಕಟವಾದ ನಮ್ಮದೇ ದೇಶದ ಒಂದು ಅಧ್ಯಯನದಲ್ಲಿ 40 ಜನ ಬಂಗಿನವರನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಕ್ರೀಮು, ಒಂದು ಗುಂಪಿಗೆ ಜೊತೆಗೆ ಮೂರು ವಾರಕ್ಕೊಮ್ಮೆ ಗ್ಲೈಕಾಲಿಕ್ ಪೀಲ್. ಎರಡೂ ಗುಂಪಿನವರಿಗೆ ತಿಳಿಯಾಯಿತು, ಪೀಲ್ ಸೇರಿದವರಿಗೆ ಜಾಸ್ತಿಯೂ ಬೇಗವೂ ಆಯಿತು. ಇದರಲ್ಲಿ ಗಮನಿಸಬೇಕಾದ್ದು ಏನು ಅಂದರೆ, ಕ್ರೀಮು ಇಲ್ಲದೆ ಬರೀ ಪೀಲ್ ಮಾಡಿದ ಗುಂಪೇ ಇಲ್ಲ. ಕ್ರೀಮು, ಸನ್‌ಸ್ಕ್ರೀನ್ ಊಟ ಆದರೆ ಪೀಲ್ ಉಪ್ಪಿನಕಾಯಿ. ಬರೀ ಪೀಲ್ ಮಾಡಿಸಿಕೊಂಡು ತಲೆಗೆ ಸೆರಗೂ ಇಲ್ಲದೆ ತಿರುಗುವುದು ಸೋರುವ ಮನೆಗೆ ಸುಣ್ಣ ಬಳಿದ ಹಾಗೆ. ಗೋಡೆ ಹಬ್ಬದ ದಿನ ಬೆಳ್ಳಗೆ ಕಾಣುತ್ತದೆ. ಮಳೆಗಾಲ ಬಂದರೆ ಅದೇ ಜಾಗದಲ್ಲಿ ಅದೇ ಕರೆ.

ಹಂಚು ಸರಿ ಮಾಡುವುದು ಅಂದರೆ ಸನ್‌ಸ್ಕ್ರೀನ್. ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಶಕ್ತಿಯ ಅಳತೆ, 30 ಅಥವಾ ಮೇಲೆ. ಎರಡು ಬೆರಳಿನ ಉದ್ದಕ್ಕೆ ಹಿಂಡಿದಷ್ಟು ಮುಖ, ಕತ್ತಿಗೆ ಬೇಕು. ನಾವು ಹಚ್ಚುವುದು ಕುಂಕುಮದ ಬೊಟ್ಟಿನಷ್ಟು, ಟ್ಯೂಬ್ ಆರು ತಿಂಗಳು ಬಂತು ಅಂತ ಹೆಮ್ಮೆ ಬೇರೆ. ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಂಗಿನವರು ಬಣ್ಣ ಇರುವ ಸನ್‌ಸ್ಕ್ರೀನ್ ಕೊಳ್ಳಿ, ಫೌಂಡೇಶನ್ ಥರ ಕಾಣುವಂಥದ್ದು. ಅದರಲ್ಲಿ ಐರನ್ ಆಕ್ಸೈಡ್ ಇರುತ್ತದೆ, ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವುದು ಅದೇ, ಮಾಮೂಲಿ ಸನ್‌ಸ್ಕ್ರೀನ್‌ಗೆ ಅದು ಆಗುವುದಿಲ್ಲ. ಟೋಪಿ, ಕೊಡೆ ಇವುಗಳಿಗೆ ಸೈಡ್ ಎಫೆಕ್ಟೂ ಇಲ್ಲ, ಎಕ್ಸ್‌ಪೈರಿ ಡೇಟೂ ಇಲ್ಲ. ಕಬ್ಬು ಕಡಿಯಲು ಹೋಗುವ ಒಬ್ಬಾಕೆ ದುಬಾರಿ ಟ್ಯೂಬ್ ಆಗಲ್ಲ ಅಂದರು, ಟವೆಲ್ ಸುತ್ತಿ ಅದರ ಮೇಲೆ ಅಗಲ ಅಂಚಿನ ಟೋಪಿ ಹಾಕಿಕೊಳ್ಳಿ ಅಂದೆ. ಮೂರು ತಿಂಗಳಿಗೆ ಬಂದಾಗ ಪೀಲ್ ಇಲ್ಲದೆಯೇ ಒಂದು ಮಟ್ಟ ಇಳಿದಿತ್ತು.

ಬಿಸಿಲಿನ ಕಲೆಗೆ ಲೆಕ್ಕ ಬೇರೆ ಅಂದೆನಲ್ಲ. ಅಲ್ಲಿ ಇಡೀ ಮುಖಕ್ಕೆ ಆಸಿಡ್ ಬಳಿಯಬೇಕಾಗಿಲ್ಲ. ನಾಲ್ಕೈದು ಕಲೆ ಇದ್ದರೆ ಟಿಸಿಎ ತೆಗೆದುಕೊಂಡು, ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಕಲೆಯ ಮೇಲೆ ಮಾತ್ರ ಒತ್ತುತ್ತೇವೆ. ಸ್ವಲ್ಪ ಹೊತ್ತಿಗೆ ಅದು ಬಿಳಿ ಆಗುತ್ತದೆ, ಬಿಸಿ ನೀರಿಗೆ ಮೊಟ್ಟೆಯ ಬಿಳಿ ಬಿದ್ದ ಹಾಗೆ. ಸಂಗತಿಯೂ ಅದೇ, ಪ್ರೋಟೀನ್ ಗಟ್ಟಿಯಾಗುವುದು. ಸ್ಯಾಲಿಸಿಲಿಕ್‌ನ ವಿಭೂತಿ ಒರೆಸಿದರೆ ಹೋಗುತ್ತದೆ, ಈ ಬಿಳಿ ಒರೆಸಿದರೆ ಹೋಗುವುದಿಲ್ಲ. ಒಂದು ವಾರ ಕಪ್ಪು ಹಕ್ಕಳೆ, ಆಮೇಲೆ ತಾನೇ ಉದುರುತ್ತದೆ. ಒಮ್ಮೆ ಹೋದ ಕಲೆ ಬಂಗಿನ ಹಾಗೆ ಪ್ರತಿ ಬೇಸಿಗೆಗೂ ಬಾಗಿಲು ತಟ್ಟುವುದಿಲ್ಲ. ಆದರೆ ಒತ್ತುವ ಮುಂಚೆ ಕಲೆಯನ್ನು ಚೆನ್ನಾಗಿ ನೋಡಬೇಕು. ಒಂದೇ ಕಲೆ ದೊಡ್ಡದಾಗುತ್ತಿದೆ, ಅದರೊಳಗೆ ಎರಡು ಮೂರು ಬಣ್ಣ ಇದೆ, ರಕ್ತ ಬರುತ್ತಿದೆ ಅಂದರೆ ಆಸಿಡ್ ಬೇಡ, ಸಣ್ಣ ಚೂರು ತೆಗೆದು ಟೆಸ್ಟಿಗೆ ಕಳಿಸಬೇಕು. ನಮ್ಮಲ್ಲಿ ಅಪರೂಪ, ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ.

ಈಗ ಸ್ವಲ್ಪ ಬೇಜಾರಿನ ವಿಷಯ. ಆನ್‌ಲೈನ್‌ನಲ್ಲಿ ಪೀಲ್ ಬಾಟಲಿ ತರಿಸಿ ಮನೆಯಲ್ಲೇ ಹಚ್ಚಿಕೊಳ್ಳುವವರು ಹೆಚ್ಚುತ್ತಿದ್ದಾರೆ. ಅಮೆರಿಕದಲ್ಲಿ ಔಷಧಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತು, ಡಾಕ್ಟರ ನಿಗಾ ಇಲ್ಲದೆ ಹಚ್ಚಿದರೆ ಸುಟ್ಟಗಾಯ ಆಗುತ್ತದೆ ಅಂತ. 5, 10 ಪರ್ಸೆಂಟಿನ ಸೀರಮ್ ಬೇರೆ, 70ರ ಬಾಟಲಿ ಬೇರೆ. ಮದುವೆಗೆ ಹತ್ತು ದಿನ ಇದೆ ಅಂತ ಪಾರ್ಲರ್ ಒಂದರಲ್ಲಿ ಪೀಲ್ ಮಾಡಿಸಿದ ಹುಡುಗಿಯನ್ನು ಅವಳಮ್ಮ ಕರೆದುಕೊಂಡು ಬಂದಿದ್ದರು. ಯಾವ ಆಸಿಡ್, ಎಷ್ಟು ಪರ್ಸೆಂಟ್? ಗೊತ್ತಿಲ್ಲ. "ಅದೇನೋ ಫ್ರೂಟ್ ಪೀಲ್ ಅಂದ್ರು." ಕೆನ್ನೆ ಪೂರ್ತಿ ಹಕ್ಕಳೆ. ಮದುವೆ ಫೋಟೋದಲ್ಲಿ ಮೇಕಪ್ ಎಷ್ಟು ದಪ್ಪ ಹಾಕಿದ್ದರೋ.

ಇನ್ನೊಂದು ಬಂಗಿಗಿಂತ ದೊಡ್ಡ ಕಾಟ. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೊಡುವ ಬೆಳ್ಳಗಾಗುವ ಕ್ರೀಮು. 1975ರಲ್ಲಿ ಅಮೆರಿಕದ ಕ್ಲಿಗ್‌ಮನ್ ಅನ್ನುವವರು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಮೂರನ್ನೂ ಬೆರೆಸಿ ಬಂಗಿಗೆ ಒಂದು ಔಷಧ ಮಾಡಿದರು. ಅದು ಒಳ್ಳೆಯ ಔಷಧವೇ, ಇವತ್ತಿಗೂ ನಾನು ಬರೆಯುತ್ತೇನೆ, ಕೆಲವು ವಾರಗಳಿಗೆ. ನಮ್ಮಲ್ಲಿ ಅದರ ತಮ್ಮ ತಂಗಿಯರನ್ನು ಜನ ಪೌಡರ್ ಥರ ವರ್ಷಗಟ್ಟಲೆ ಹಚ್ಚುತ್ತಾರೆ. ಮೊದಲು ಮುಖ ಬೆಳ್ಳಗೆ, ನುಣ್ಣಗೆ. ಆಮೇಲೆ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳುವಾಗಿ, ಕೆಂಪು ನರ ಎದ್ದು, ಮೀಸೆ ಜಾಗದಲ್ಲಿ ಕೂದಲು ಬಂದು, ಬಿಟ್ಟರೆ ಉರಿ. 2018ರಲ್ಲಿ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ಆದರೂ ಸಿಗುತ್ತದೆ, ನಿಮಗೇ ಗೊತ್ತು. ಅಂಥ ಮುಖಕ್ಕೆ ಪೀಲ್ ಹಚ್ಚಿದರೆ ಬೆಂಕಿಗೆ ಸೀಮೆಎಣ್ಣೆ. ನಾನು ಬಂದವರಿಗೆಲ್ಲ ಮನೆಯಲ್ಲಿರುವ ಟ್ಯೂಬ್‌ಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಬನ್ನಿ ಅನ್ನುತ್ತೇನೆ. ಬಾಯಲ್ಲಿ ಕೇಳಿದರೆ "ಏನೂ ಹಚ್ಚಲ್ಲ ಡಾಕ್ಟ್ರೇ". ಕವರ್ ಬಿಚ್ಚಿದರೆ ಮೂರು ಸ್ಟೀರಾಯ್ಡ್.

ಹೈಡ್ರೋಕ್ವಿನೋನ್ ಕೂಡ ವರ್ಷಾನುಗಟ್ಟಲೆ ಬಿಡದೆ ಹಚ್ಚುವಂಥದ್ದಲ್ಲ. ಹಚ್ಚಿದ ಜಾಗವೇ ನೀಲಿಗಪ್ಪು ತಿರುಗಬಹುದು, ಅದು ನೋಡಲು ಬಂಗೇ ಜಾಸ್ತಿಯಾದ ಹಾಗೆ ಕಾಣುತ್ತದೆ, ಜನ ಇನ್ನೂ ಜಾಸ್ತಿ ಹಚ್ಚುತ್ತಾರೆ.

ಮಾತ್ರೆ ಇದೆಯಂತಲ್ಲ ಅಂತ ಒಂದು ಚೀಟಿ. ಇದೆ, ಟ್ರಾನೆಕ್ಸಾಮಿಕ್ ಆಸಿಡ್. ಹೆಸರಿನಲ್ಲಿ ಆಸಿಡ್ ಇದ್ದರೂ ಹಚ್ಚಿ ಸುಲಿಯುವಂಥದ್ದಲ್ಲ. ಅಸಲಿಗೆ ರಕ್ತಸ್ರಾವ ನಿಲ್ಲಿಸುವ ಔಷಧ, ಮುಟ್ಟು ಜಾಸ್ತಿ ಹೋಗುವವರು ನುಂಗಿರುತ್ತೀರಿ. ಜಪಾನಿನಲ್ಲಿ ಬೇರೆ ಕಾಯಿಲೆಗೆ ಕೊಟ್ಟಾಗ ಬಂಗು ತಿಳಿಯಾದದ್ದು ಕಣ್ಣಿಗೆ ಬಿತ್ತು. ಪೀಲ್‌ಗೆ ಜಗ್ಗದ, ಆಳದ ಬಂಗಿನವರಿಗೆ ಕಮ್ಮಿ ಡೋಸಿನಲ್ಲಿ ಕೆಲವು ತಿಂಗಳು ಕೊಡುತ್ತೇವೆ. ಆದರೆ ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರು, ಮನೆಯಲ್ಲಿ ಸ್ಟ್ರೋಕ್ ಇತಿಹಾಸ ಇದ್ದವರು, ಗರ್ಭ ತಡೆಯುವ ಮಾತ್ರೆ ನುಂಗುವವರು, ದಯವಿಟ್ಟು ಪಕ್ಕದ ಮನೆಯವರ ಚೀಟಿ ತೋರಿಸಿ ಕೊಳ್ಳಬೇಡಿ.

ಬಸುರಿಯರು ಈಗ ಏನೂ ಮಾಡಿಸಬೇಡಿ, ಸನ್‌ಸ್ಕ್ರೀನ್ ಹಚ್ಚಿ ಕಾಯಿರಿ. ಹೆರಿಗೆಯಾದ ಮೇಲೆ ಕೆಲವು ತಿಂಗಳಲ್ಲಿ ಎಷ್ಟೋ ಜನರಿಗೆ ತಾನೇ ತಿಳಿಯಾಗುತ್ತದೆ. ನನಗೆ ಅರ್ಧ ಹೋಯಿತು, ಅರ್ಧ ಉಳಿಯಿತು.

ಮಗಳನ್ನು ಬೆಳ್ಳಗೆ ಮಾಡಲು ಪೀಲ್ ಮಾಡಿ ಅಂತ ಕರೆತರುವ ಅಮ್ಮಂದಿರು ಇಲ್ಲಿ ಯಾರಾದರೂ ಇದ್ದರೆ, ಅದಕ್ಕೆ ನನ್ನ ಹತ್ತಿರ ಬಾಟಲಿ ಇಲ್ಲ. ಬಂಗು ಸುತ್ತಲಿನ ಚರ್ಮದ ಬಣ್ಣಕ್ಕೆ ಸೇರಬೇಕು, ನಾನು ನೋಡುವ ಗುರಿ ಅದು. ಸುತ್ತಲಿನ ಚರ್ಮಕ್ಕೆ ಏನೂ ಕಾಯಿಲೆ ಇಲ್ಲ.

ಕೊನೆಯ ಚೀಟಿ: "ಮಾಡಿಸೋದಾದ್ರೆ ಯಾವ ತಿಂಗಳು ಶುರು ಮಾಡ್ಬೇಕು?" ಇದು ಒಳ್ಳೆಯ ಪ್ರಶ್ನೆ. ಯುಗಾದಿ ಹೊತ್ತಿಗೆ ಬಂದು ಪೀಲ್ ಕೇಳುವವರೇ ಜಾಸ್ತಿ, ಬಿಸಿಲು ಏರಿ ಬಂಗು ಕಪ್ಪಾಗಿರುತ್ತದೆ, ಕನ್ನಡಿ ನೋಡಲು ಬೇಜಾರು. ಆಗ ನಾನು ಕ್ರೀಮು, ಸನ್‌ಸ್ಕ್ರೀನ್ ಕೊಟ್ಟು ಕಳಿಸುತ್ತೇನೆ. ನನ್ನ ಲೆಕ್ಕ ಹೀಗೆ: ಗೌರಿ ಹಬ್ಬದ ಹೊತ್ತಿಗೆ ಬನ್ನಿ. ಮೂರು ವಾರ ತಯಾರಿ. ದಸರಾ ಹತ್ತಿರ ಬರುವಾಗ ಮೊದಲ ಸಿಟ್ಟಿಂಗ್, ಅಲ್ಲಿಂದ ಮೂರು ವಾರಕ್ಕೊಂದು. ಸಂಕ್ರಾಂತಿಗೆ ಎಳ್ಳು ಬೀರಲು ಹೊರಡುವ ಹೊತ್ತಿಗೆ ಆರನೆಯದು ಮುಗಿಯುತ್ತ ಬಂದಿರುತ್ತದೆ. ಎಳ್ಳು ಬೀರುವುದು ಹೇಗೂ ಸಂಜೆ ಹೊತ್ತು, ಆದರೂ ಹೊರಡುವಾಗ ಎರಡು ಬೆರಳಿನಷ್ಟು ಹಚ್ಚಿಕೊಂಡೇ ಹೊರಡಿ, ಸಂಕ್ರಾಂತಿ ಕಳೆದ ಮೇಲೆ ಬಿಸಿಲು ಏರುತ್ತದೆ.